ಗಾಜಿನ ಸ್ಲೈಡ್ ಮೇಲೆ ಹೊಳೆಯುವ ಬಣ್ಣ ಕೂಡಿಸಿ ಬೋರ್‌ವೆಲ್ ನೀರಿನ ಫ್ಲೋರೈಡ್ ಹಿಡಿಯಬಹುದಾ?

ಗದಗ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಗದಗಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಕೊನೆಯ ವರ್ಷದ ಬಿಎಸ್ಸಿ ಮಕ್ಕಳಿಗೆ ಈ ಸಲ ಒಂದು ಪ್ರಾಜೆಕ್ಟ್ ಕೊಡಬೇಕು ಅಂತಿದ್ದೇನೆ. ಮೈಕ್ರೋಸ್ಕೋಪಿಗೆ ಬಳಸುವ ಗಾಜಿನ ಸ್ಲೈಡ್ ತೆಗೆದುಕೊಂಡು, ಅದರ ಮೈಗೆ ಫ್ಲೋರೆಸೆಂಟ್ ಬಣ್ಣವನ್ನು, ಅಂದರೆ ಯುವಿ ಅಥವಾ ನೀಲಿ ಬೆಳಕು ಬಿದ್ದಾಗ ತಾನು ಬೇರೆ ಬಣ್ಣದಲ್ಲಿ ಹೊಳೆಯುವ ಬಣ್ಣವನ್ನು, ರಾಸಾಯನಿಕವಾಗಿ ಕೂಡಿಸುವುದು. ಅದರ ಮೇಲೆ ನೀರಿನ ಹನಿ ಇಟ್ಟಾಗ ಹೊಳಪು ಹೇಗೆ ಬದಲಾಗುತ್ತದೆ ಎಂದು ನೋಡಿ ನೀರಿನಲ್ಲಿ ಏನಿದೆ ಅಂತ ತಿಳಿಯುವುದು.

ನಮ್ಮ ಜಿಲ್ಲೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಫ್ಲೋರೈಡ್‌ದೇ. ಮುಂಡರಗಿ ಕಡೆಯಿಂದ ಬರುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರತದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಈ 1 ಮತ್ತು 1.5ರ ನಡುವಿನ ವ್ಯತ್ಯಾಸವನ್ನು ಸ್ಲೈಡ್ ತೋರಿಸಬೇಕು, ಅದು ನನ್ನ ಆಸೆ.

ಪೇಪರ್‌ಗಳನ್ನು ಓದಿದ್ದೇನೆ. ಗಾಜನ್ನು ಪಿರಾನ ದ್ರಾವಣದಲ್ಲಿ ತೊಳೆಯುವುದು, ಎಪಿಟಿಇಎಸ್ ಎಂಬ ಸೈಲೇನ್ (ಗಾಜಿಗೆ ಕೂಡಿಕೊಳ್ಳುವ ಸಿಲಿಕಾನ್ ಸಂಯುಕ್ತ) ಹಚ್ಚಿ, ಬಣ್ಣಕ್ಕೆ ಕೊಂಡಿಯಾಗುವ ಅಮೈನ್ ಗುಂಪುಗಳ ಪದರ ಮಾಡುವುದು, ಆಮೇಲೆ ಬಣ್ಣ ಕೂಡಿಸುವುದು. ಕೈಯಲ್ಲಿ ಮಾಡಿದವರು ಯಾರಾದರೂ ಇದ್ದರೆ ದಾರಿ ಹೇಳಿ. ನಮ್ಮಲ್ಲಿ ಫ್ಯೂಮ್ ಹುಡ್ ಒಂದಿದೆ, ಓವನ್ ಇದೆ, ಪಿಎಚ್ ಮೀಟರ್ ಇದೆ. ಫ್ಲೋರೆಸೆನ್ಸ್ ಯಂತ್ರ ಇಲ್ಲ.

ಸಾಧನಕೇರಿ

ಸರ್, ಧಾರವಾಡದಲ್ಲಿ ಗಾಜಿನ ಮೇಲಿನ ಪದರಗಳ ಮೇಲೆಯೇ ನನ್ನ ಪಿಎಚ್‌ಡಿ ಕೆಲಸ. ಪ್ರಾಜೆಕ್ಟ್ ತುಂಬಾ ಚೆನ್ನಾಗಿದೆ, ಖಂಡಿತ ಮಾಡಿಸಿ. ಆದರೆ ಪಿರಾನ ಬೇಡ, ದಯವಿಟ್ಟು ಬೇಡ. ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದ ಆ ದ್ರಾವಣ ತಾನಾಗಿ ಕುದಿಯುವಷ್ಟು ಬಿಸಿಯಾಗುತ್ತದೆ. ಸ್ವಲ್ಪ ಅಸಿಟೋನ್ ಉಳಿದ ಬೀಕರಿಗೆ ಅದನ್ನು ಸುರಿದರೆ ಸ್ಫೋಟ ಆಗಬಹುದು. ಮುಚ್ಚಳ ಹಾಕಿಟ್ಟರೆ ಬಾಟಲಿ ಒಡೆಯುತ್ತದೆ. ಇಪ್ಪತ್ತು ವರ್ಷದ ಮಕ್ಕಳು ಗುಂಪಾಗಿ ನಿಂತಿರುವ ಲ್ಯಾಬಿನಲ್ಲಿ ಅದಕ್ಕೆ ಜಾಗ ಇಲ್ಲ.

ಬದಲಿಗೆ ಹೀಗೆ ಮಾಡಿ. ಲ್ಯಾಬ್ ಸೋಪಿನಲ್ಲಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಮೆಥನಾಲ್ ಮತ್ತು ಗಾಢ ಹೈಡ್ರೋಕ್ಲೋರಿಕ್ ಆಮ್ಲ ಸಮಪಾಲು ಬೆರೆಸಿದ ದ್ರಾವಣದಲ್ಲಿ ಅರ್ಧ ಗಂಟೆ ಇಡಿ, ಹುಡ್ ಒಳಗೆ. ಮತ್ತೆ ನೀರು. ಇದರಲ್ಲೂ ಆಮ್ಲ ಇದೆ, ಕೈಗವಸು ಕನ್ನಡಕ ಬೇಕೇ ಬೇಕು, ಆದರೆ ಪಿರಾನದ ಅಪಾಯ ಇಲ್ಲ. ಗಾಜು ಸ್ವಚ್ಛ ಆಯಿತಾ ಅಂತ ತಿಳಿಯಲು ಒಂದು ಹನಿ ನೀರು ಇಡಿ. ಹನಿ ಗುಂಡಗೆ ನಿಲ್ಲದೆ ಹರಡಿ ಚಪ್ಪಟೆಯಾದರೆ ಆಯಿತು. ನಿಂತರೆ ಇನ್ನೂ ಜಿಡ್ಡಿದೆ.

ಬಟ್ಟೆ ಒಗೆಯುವ ಪುಡಿಯನ್ನು ಮಾತ್ರ ಸ್ಲೈಡಿಗೆ ಮುಟ್ಟಿಸಬೇಡಿ. ಬಿಳಿ ಬಟ್ಟೆ ಮಿಂಚಲಿ ಅಂತ ಅದರಲ್ಲಿ ಫ್ಲೋರೆಸೆಂಟ್ ಬಣ್ಣ ಸೇರಿಸಿರುತ್ತಾರೆ. ಯುವಿ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ನಿಮ್ಮ ಬಣ್ಣ ಹಚ್ಚುವ ಮೊದಲೇ ಗಾಜು ಹೊಳೆಯತೊಡಗಿದರೆ ಆ ಸ್ಲೈಡಿನಿಂದ ಏನು ಅಳೆಯುತ್ತೀರಿ?

ಹಾವೇರಿ_ಹೈಸ್ಕೂಲ್

ಮೇಡಂ, ಬಣ್ಣ "ಹಚ್ಚುವುದು" ಮತ್ತು "ಕೂಡಿಸುವುದು" ಬೇರೆ ಬೇರೆ ಅಂತ ಮಕ್ಕಳಿಗೆ ತೋರಿಸಲು ಸುಲಭದ ದಾರಿ ಇದೆಯಾ? ನಾನು ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕದಡಿ ಸೋಸಿ ಯುವಿ ಟಾರ್ಚ್ ಬಿಟ್ಟು ತೋರಿಸುತ್ತೇನೆ. ಹಸಿರು ಹಳದಿ ಹೊಳಪು ನೋಡಿ ಮಕ್ಕಳು ಕುಣಿಯುತ್ತಾರೆ.

ಸಾಧನಕೇರಿ

ಅದೇ ಅರಿಶಿನ ಸಾಕು ಸರ್. ಆ ಸ್ಪಿರಿಟ್ ದ್ರಾವಣವನ್ನು ಸ್ಲೈಡ್ ಮೇಲೆ ಹಾಕಿ ಒಣಗಿಸಿ. ಹೊಳೆಯುತ್ತದೆ. ಮತ್ತೆ ಸ್ಪಿರಿಟ್‌ನಲ್ಲಿ ಅದ್ದಿ ತೆಗೆಯಿರಿ. ಸ್ಲೈಡ್ ಕಪ್ಪು, ಸ್ಪಿರಿಟ್ ಹೊಳೆಯುತ್ತಿದೆ. ಅಂದರೆ ಬಣ್ಣ ಗಾಜಿನ ಮೇಲೆ ಸುಮ್ನೆ ಕೂತಿತ್ತು, ಗಾಜಿಗೆ ಕೂಡಿರಲಿಲ್ಲ. ಸೈಲೇನ್ ಪದರದ ಮೂಲಕ ಕೂಡಿಸಿದ ಬಣ್ಣ ಇಷ್ಟಕ್ಕೆ ಹೋಗುವುದಿಲ್ಲ.

ಗದಗಿನ ಮಕ್ಕಳೂ ಪ್ರತಿ ಸ್ಲೈಡಿಗೆ ಇದೇ ಪರೀಕ್ಷೆ ಮಾಡಬೇಕು. ಸ್ಲೈಡನ್ನು ಒಂದು ರಾತ್ರಿ ನೀರಿನಲ್ಲಿ ಬಿಟ್ಟು, ಬೆಳಗ್ಗೆ ಆ ನೀರನ್ನು ಯುವಿ ಕೆಳಗೆ ನೋಡಬೇಕು. ನೀರು ಹೊಳೆದರೆ ಆ ಸ್ಲೈಡ್ ಅಳತೆಗೆ ಬರುವುದಿಲ್ಲ. ಹೊಳಪು ಕಡಿಮೆಯಾದದ್ದು ಫ್ಲೋರೈಡ್‌ನಿಂದಲೋ ಬಣ್ಣ ತೊಳೆದುಹೋಗಿಯೋ ಅಂತ ಹೇಳುವವರು ಯಾರು?

ಗದಗ_ಮೇಷ್ಟ್ರು

ಪಿರಾನ ಬಿಟ್ಟೆ ಮೇಡಂ. ಸೈಲೇನ್ ಹಂತದ ಬಗ್ಗೆ ಇನ್ನೊಂದಿಷ್ಟು ಹೇಳಿ. ಒಣ ಟಾಲ್ಯೂಯಿನ್, ಅಂದರೆ ನೀರಿನಂಶ ತೆಗೆದ ಆ ದ್ರಾವಕ, ಬೇಕೇ ಬೇಕಾ?

ಸಾಧನಕೇರಿ

ಒಳ್ಳೆಯ ಪದರಕ್ಕೆ ಅದೇ ಸರಿ. ಆದರೆ ಕಲಿಕೆಗೆ ಎಥನಾಲ್ ಸಾಕು. 95% ಎಥನಾಲ್‌ಗೆ 2% ಸೈಲೇನ್ ಸೇರಿಸಿ ಐದು ನಿಮಿಷ ಬಿಡಿ. ಸ್ಲೈಡ್ ಅದ್ದಿ ಒಂದೆರಡು ನಿಮಿಷಕ್ಕೆ ತೆಗೆದು, ಎಥನಾಲ್‌ನಲ್ಲಿ ಜಾಲಿಸಿ, 110 ಡಿಗ್ರಿ ಓವನ್ನಿನಲ್ಲಿ ಹತ್ತು ನಿಮಿಷ ಇಡಿ. ಹೆಚ್ಚು ಹೊತ್ತು ಅದ್ದಿದರೆ ಪದರ ದಪ್ಪ ಆಗಿ ಮಸುಕಾಗುತ್ತದೆ. ನಮಗೆ ಬೇಕಾದದ್ದು ಒಂದು ಅಣುವಿನಷ್ಟು ತೆಳು ಪದರ, ಒಂದು ನ್ಯಾನೋಮೀಟರಿಗಿಂತ ಕಡಿಮೆ.

ಇಲ್ಲಿ ಹವಾಮಾನ ದೊಡ್ಡ ವಿಷಯ. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಸೈಲೇನ್ ಬಾಟಲಿಯ ಮುಚ್ಚಳ ತೆಗೆದರೆ ಗಾಳಿಯ ತೇವವೇ ಸಾಕು, ಅದು ತನ್ನಲ್ಲೇ ಕೂಡಿಕೊಂಡು ಹಾಳಾಗುತ್ತದೆ. ಬಾಟಲಿ ಮಬ್ಬಾಗಿ ಕಂಡರೆ ಬಳಸಬೇಡಿ. ಸಣ್ಣ ಬಾಟಲಿ ಕೊಳ್ಳಿ, ಸಿಲಿಕಾ ಜೆಲ್ ಜೊತೆ ಡೆಸಿಕೇಟರ್‌ನಲ್ಲಿಡಿ. ಗದಗ ನಮಗಿಂತ ಒಣ ಊರು, ದಸರಾ ಕಳೆದ ಮೇಲೆ ಶುರು ಮಾಡಿದರೆ ಇನ್ನೂ ಒಳ್ಳೆಯದು. ಒಂದೇ ವಿಧಾನದಿಂದ ಮಳೆಗಾಲದಲ್ಲಿ ಒಂದು ತರಹ, ಜನವರಿಯಲ್ಲಿ ಇನ್ನೊಂದು ತರಹ ಪದರ ಬಂದರೆ ಆಶ್ಚರ್ಯ ಪಡಬೇಡಿ.

ರಾಣೇಬೆನ್ನೂರು_ಎಂಎಸ್ಸಿ

ಸರ್, ಮೇಡಂ, ನಾನೂ ಇದೇ ದಾರಿಯಲ್ಲಿ ಇದ್ದೇನೆ. ಅಮೈನ್ ಪದರದ ಮೇಲೆ ಎಫ್‌ಐಟಿಸಿ, ಅಂದರೆ ಫ್ಲೋರೆಸೀನ್ ಬಣ್ಣ ಕೂಡಿಸಿದ್ದೇನೆ. ಡಿಸ್ಟಿಲ್ಡ್ ನೀರು ಇಟ್ಟರೆ ಹೊಳಪು ಮಂದ. ನಮ್ಮ ಊರಿನ ಬೋರ್‌ವೆಲ್ ನೀರು ಇಟ್ಟರೆ ಚೆನ್ನಾಗಿ ಹೊಳೆಯುತ್ತದೆ. ಫ್ಲೋರೈಡ್ ಜಾಸ್ತಿ ಅಂತ ಗೊತ್ತಿರುವ ಇನ್ನೊಂದು ಬೋರ್ ನೀರಿಗೆ ಇನ್ನೂ ಜಾಸ್ತಿ ಹೊಳೆಯುತ್ತದೆ. ಹಾಗಾದರೆ ಫ್ಲೋರೈಡ್ ಸೆನ್ಸರ್ ಆಗಿಬಿಟ್ಟಿತು ಅಲ್ವಾ?

ಸಾಧನಕೇರಿ

ತಮ್ಮಾ, ನಿನ್ನ ಸ್ಲೈಡ್ ಕೆಲಸ ಮಾಡುತ್ತಿದೆ. ಆದರೆ ಅದು ಅಳೆಯುತ್ತಿರುವುದು ಪಿಎಚ್ ಅನ್ನು, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದನ್ನು. ನಿಧಾನವಾಗಿ ಓದು, ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯ ಅನಿಸುವ ಮಾತು ಇದು.

ಫ್ಲೋರೆಸೀನ್ ಹೊಳಪು ಪಿಎಚ್ ಮೇಲೆ ನಿಂತಿದೆ. ಸುಮಾರು 6.4ರ ಆಚೀಚೆ ಅದು ಬದಲಾಗುತ್ತದೆ. ಕೆಳಗೆ ಹೋದರೆ ಮಂದ, ಮೇಲೆ ಹೋದರೆ ಪ್ರಖರ. ಗಾಜಿಗೆ ಕೂಡಿಸಿದ ಮೇಲೆ ಈ ಅಂಕಿ ಸ್ವಲ್ಪ ಜರುಗಬಹುದು, ಗುಣ ಹೋಗುವುದಿಲ್ಲ. ಡಿಸ್ಟಿಲ್ಡ್ ನೀರನ್ನು ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಅದರ ಪಿಎಚ್ 5.6ರ ಹತ್ತಿರ ಇಳಿಯುತ್ತದೆ. ನಮ್ಮ ಕಡೆಯ ಬೋರ್ ನೀರು 7.5, 8 ಇರುವುದು ಸಾಮಾನ್ಯ. ಫ್ಲೋರೈಡ್ ಒಂದು ಕಣ ಇಲ್ಲದಿದ್ದರೂ ನಿನ್ನ ಸ್ಲೈಡ್ ಬೋರ್ ನೀರಿಗೆ ಹೊಳೆಯುತ್ತದೆ.

ಎರಡನೇ ಬೋರ್ ಇನ್ನೂ ಜಾಸ್ತಿ ಹೊಳೆದದ್ದು ಯಾಕೆ? ಇಲ್ಲೇ ನಿಸರ್ಗ ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಗ್ರಾನೈಟ್, ನೈಸ್ ಬಂಡೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳಿವೆ. ಅವುಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗೆ ಕೂರುತ್ತದೆ, ಫ್ಲೋರೈಡ್ ಏರುವುದಿಲ್ಲ. ಹಾಗಾಗಿ ಫ್ಲೋರೈಡ್ ಜಾಸ್ತಿ ಇರುವ ನೀರು ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿ, ಪಿಎಚ್ ಜಾಸ್ತಿ ಇರುವ ನೀರು. ಎರಡೂ ಒಟ್ಟಿಗೇ ಏರುತ್ತವೆ. ಪಿಎಚ್ ಮಾತ್ರ ನೋಡುವ ಸ್ಲೈಡ್ ಕೂಡ ಫ್ಲೋರೈಡ್ ಪಟ್ಟಿಗೆ ಸರಿಯಾಗಿ ಹೊಂದಿದ ಹಾಗೆ ಕಾಣುತ್ತದೆ. ಗ್ರಾಫ್ ಹಾಕಿದರೆ ಗೆರೆ ನೆಟ್ಟಗೆ ಬರುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಮುಂದೊಂದು ದಿನ ಪಿಎಚ್ ಕಡಿಮೆ, ಫ್ಲೋರೈಡ್ ಜಾಸ್ತಿ ಇರುವ ಒಂದು ಬೋರ್ ಸಿಗುತ್ತದೆ. ಆ ನೀರನ್ನು ನಿನ್ನ ಸ್ಲೈಡ್ "ಕುಡಿಯಿರಿ" ಎನ್ನುತ್ತದೆ.

ಇದನ್ನು ಬಿಡಿಸುವ ಪರೀಕ್ಷೆ ಕಷ್ಟದ್ದಲ್ಲ. ಒಂದೇ ಬೋರ್ ನೀರು ತಗೋ. ಅದಕ್ಕೇ ಸೋಡಿಯಂ ಫ್ಲೋರೈಡ್ ಹಂತ ಹಂತವಾಗಿ ಸೇರಿಸು, ಪಿಎಚ್ ಕದಲದಂತೆ ನೋಡಿಕೋ. ಹೊಳಪು ಬದಲಾದರೆ ಅದು ಫ್ಲೋರೈಡ್ ಮಾತು. ಆಮೇಲೆ ಫ್ಲೋರೈಡ್ ಮುಟ್ಟದೆ ಪಿಎಚ್ ಮಾತ್ರ ಬದಲಿಸು. ಈ ಎರಡು ಗ್ರಾಫ್ ಇಲ್ಲದ ಸೆನ್ಸರನ್ನು ನಾನು ನಂಬುವುದಿಲ್ಲ, ಯಾರ ಪೇಪರ್ ಆದರೂ ಸರಿ.

ರಾಣೇಬೆನ್ನೂರು_ಎಂಎಸ್ಸಿ

ಅರ್ಥ ಆಯಿತು ಮೇಡಂ. ನಾಳೆಯೇ ಮಾಡುತ್ತೇನೆ. ಪಿಎಚ್‌ಗೆ ಬದಲಾಗದ ಬಣ್ಣ ಬೇಕು ಅಂದರೆ ರೋಡಮೀನ್ ಬಿ ಕೂಡಿಸಬಹುದಾ? ಅಗ್ಗಕ್ಕೆ ಸಿಗುತ್ತದೆ.

ಸಾಧನಕೇರಿ

ನೇರವಾಗಿ ಅಮೈನ್‌ಗೆ ಅಮೈಡ್ ಕೊಂಡಿ ಹಾಕಿ ಕೂಡಿಸಿದರೆ ಅಣು ತನ್ನೊಳಗೇ ಉಂಗುರ ಮುಚ್ಚಿಕೊಂಡು ಹೊಳಪು ಕಳೆದುಕೊಳ್ಳುತ್ತದೆ. ಆಮ್ಲ ಕೊಟ್ಟರಷ್ಟೇ ತೆರೆಯುತ್ತದೆ. ಟಿಆರ್‌ಐಟಿಸಿ ಎಂಬ ಇನ್ನೊಂದು ರೋಡಮೀನ್ ಬಣ್ಣ ತಗೋ, ಅದಕ್ಕೆ ಈ ತೊಂದರೆ ಇಲ್ಲ. ಆದರೆ ಅದನ್ನು ಹೋಲಿಕೆಯ ಬಣ್ಣವಾಗಿ ಮಾತ್ರ ಬಳಸು. ಫ್ಲೋರೈಡ್ ಹಿಡಿಯುವುದು ಅದರ ಕೆಲಸ ಅಲ್ಲ.

ಮುಂಡರಗಿ_ರೈತ

ನಿಮ್ಮ ಕೆಮಿಸ್ಟ್ರಿ ಎಲ್ಲಾ ತಿಳಿಯಲಿಲ್ಲ, ಆದರೂ ಪೂರ್ತಿ ಓದಿದೆ. ನೇರವಾಗಿ ಕೇಳುತ್ತೇನೆ. ಫ್ಲೋರೈಡ್ ತಾನೇ ಹೊಳೆಯುವುದಿಲ್ಲವಾ? ನಮ್ಮ ಹೊಲದ ಬೋರ್ ನೀರು ಕುಡಿಯಬಹುದಾ ಇಲ್ಲವಾ ಅಂತ ಈ ಗಾಜು ಹೇಳುತ್ತದಾ? ಊರಿಗೆ ಹೊಳೆ ನೀರು ಬರುತ್ತದೆ, ಬಾರದ ದಿನ ಬೋರ್ ನೀರೇ ಗತಿ. ಕಾಯಿಸಿ ಕುಡಿದರೆ ಸಾಕು ಅಂತ ಮನೆಯಲ್ಲಿ ಹೇಳುತ್ತಾರೆ.

ಸಾಧನಕೇರಿ

ಅಣ್ಣಾ, ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಉಳಿದ ನೀರಿನಲ್ಲಿ ಅದು ಹೆಚ್ಚೇ ಆಗುತ್ತದೆ. ಕಾಯಿಸುವುದು ರೋಗಾಣು ಸಾಯಲು, ಇದಕ್ಕಲ್ಲ. ಇದನ್ನು ದಯವಿಟ್ಟು ಮನೆಯಲ್ಲಿ ತಿಳಿಸಿ.

ಫ್ಲೋರೈಡ್ ತಾನು ಹೊಳೆಯುವುದಿಲ್ಲ. ಹೊಳೆಯುವ ಬಣ್ಣದ ಜೊತೆ ಅದು ಏನು ಮಾಡುತ್ತದೆ ಎನ್ನುವುದನ್ನು ನಾವು ನೋಡುತ್ತೇವೆ. ಈ ಗಾಜಿನ ಮಾತು ಕೇಳಿ ಈಗ ಕುಡಿಯುವ ತೀರ್ಮಾನ ಮಾಡಬೇಡಿ. ಗ್ರಾಮ ಪಂಚಾಯ್ತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರುತ್ತದೆ, ಕೇಳಿ. ಖಚಿತವಾಗಬೇಕಾದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಬಾಟಲಿ ಕೊಡಿ.

ವಿದ್ಯಾನಗರ_ಹುಬ್ಬಳ್ಳಿ

ನಾನು ಎಲೆಕ್ಟ್ರಾನಿಕ್ಸ್ ಕಡೆಯವನು. ಒಂದು ಪ್ರಶ್ನೆ ಕೇಳಲೇಬೇಕು. ಫ್ಲೋರೈಡ್ ಅಳೆಯಲು ಎಲೆಕ್ಟ್ರೋಡ್ 1966ರಿಂದಲೇ ಇದೆ, ಲ್ಯಾಂಥನಂ ಫ್ಲೋರೈಡ್ ಹರಳಿನದು. ಮೀಟರಿಗೆ ಜೋಡಿಸಿದರೆ ಓದು ಬರುತ್ತದೆ. ಮತ್ತೆ ಈ ಗಾಜು, ಸೈಲೇನ್ ಎಲ್ಲಾ ಯಾಕೆ?

ಗದಗ_ಮೇಷ್ಟ್ರು

ನ್ಯಾಯವಾದ ಪ್ರಶ್ನೆ. ಎಲೆಕ್ಟ್ರೋಡ್ ಒಂದು ಸಲಕ್ಕೆ ಒಂದು ನೀರು, ಒಂದೇ ಅಯಾನು (ಫ್ಲೋರೈಡ್‌ನಂಥ ವಿದ್ಯುದಂಶದ ಕಣ) ಅಳೆಯುತ್ತದೆ. ಗಾಜಿನ ಮೇಲೆ ಹತ್ತಾರು ಚುಕ್ಕೆ ಇಡಬಹುದು, ಪ್ರತಿ ಚುಕ್ಕೆಗೂ ಬೇರೆ ಬಣ್ಣ, ಬೇರೆ ಹಿಡಿಯುವ ಗುಂಪು. 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ಗಾಜಿನ ಮೇಲಿನ ಪದರದಲ್ಲಿ ಬಣ್ಣ ಮತ್ತು ಸಣ್ಣ ಗುಂಪುಗಳನ್ನು ಬೆರೆಸಿ ಕೂಡಿಸಿದರು. ಒಂದೊಂದು ಅಯಾನಿಗೆ ಒಂದೊಂದು ಸೂಕ್ಷ್ಮ ಅಣುವನ್ನು ವರ್ಷಗಟ್ಟಲೆ ಕಟ್ಟುವ ಬದಲು, ಹಲವು ಪದರಗಳು ಕೊಡುವ ಉತ್ತರಗಳ ಒಟ್ಟು ಚಿತ್ರದಿಂದ ಅಯಾನನ್ನು ಗುರುತಿಸುವ ಯೋಚನೆ. ನನಗೆ ಆಸೆ ಹುಟ್ಟಿಸಿದ್ದು ಅದೇ. ನಮ್ಮ ಮಕ್ಕಳು ಕೈಯಿಂದ ಒಂದು ಮೇಲ್ಮೈ ಕಟ್ಟಿ ನೋಡಲಿ. ಎಲೆಕ್ಟ್ರೋಡ್ ಕೊಂಡರೆ ಅಳತೆ ಸಿಗುತ್ತದೆ, ಈ ಕಲಿಕೆ ಸಿಗುವುದಿಲ್ಲ.

ಸಾಧನಕೇರಿ

ಒಪ್ಪುತ್ತೇನೆ, ಒಂದು ಎಚ್ಚರಿಕೆ ಜೊತೆಗೆ. ಇಂಥ ಮೊದಲ ಕೆಲಸಗಳಲ್ಲಿ ಹಲವು ಅಸಿಟೋನೈಟ್ರೈಲ್ ದ್ರಾವಕದಲ್ಲಿ ನಡೆದವು. ನೀರಿನಲ್ಲಿ ಫ್ಲೋರೈಡನ್ನು ಹಿಡಿಯುವುದು ಬೇರೆಯೇ ಕಷ್ಟ. ನೀರಿನ ಅಣುಗಳು ಅದನ್ನು ಗಟ್ಟಿಯಾಗಿ ಸುತ್ತಿಕೊಂಡಿರುತ್ತವೆ. ಹೈಡ್ರೋಜನ್ ಕೊಂಡಿಯಿಂದ ಹಿಡಿಯುವ ಅಣುಗಳಲ್ಲಿ ಹೆಚ್ಚಿನವು ನೀರಿನಲ್ಲಿ ಸೋಲುತ್ತವೆ.

ಹಾಗಾಗಿ ನನ್ನ ಸಲಹೆ, ಲೋಹದ ದಾರಿ ಹಿಡಿಯಿರಿ. ಮೋರಿನ್ ಎಂಬ ಸಸ್ಯಮೂಲದ ಹಳದಿ ಬಣ್ಣ ಇದೆ. ಅಲ್ಯೂಮಿನಿಯಂ ಸೇರಿದರೆ ಹಸಿರಾಗಿ ಹೊಳೆಯುತ್ತದೆ. ಇದು 1867ರಿಂದ ಗೊತ್ತಿರುವ ವಿಷಯ, ಫ್ಲೋರೆಸೆಂಟ್ ಸೆನ್ಸರ್‌ಗಳ ಚರಿತ್ರೆ ಅಲ್ಲಿಂದಲೇ ಶುರು. 1983ರಲ್ಲಿ ಮೋರಿನ್ ಅನ್ನು ಸೆಲ್ಯುಲೋಸ್ ಮೇಲೆ ಕೂಡಿಸಿ ಅಲ್ಯೂಮಿನಿಯಂ ಅಳೆದಿದ್ದಾರೆ. ಫ್ಲೋರೈಡ್ ಬಂದರೆ ಅಲ್ಯೂಮಿನಿಯಂ ಅನ್ನು ಮೋರಿನ್ ಕೈಯಿಂದ ಕಿತ್ತುಕೊಳ್ಳುತ್ತದೆ, ಹೊಳಪು ಇಳಿಯುತ್ತದೆ. ನೀರಿನಲ್ಲೂ ನಡೆಯುವ ಕೆಲಸ ಇದು.

ತೊಡಕುಗಳೂ ಇವೆ. ಫಾಸ್ಫೇಟ್ ಕೂಡ ಅಲ್ಯೂಮಿನಿಯಂ ಕೀಳುತ್ತದೆ. ಕಬ್ಬಿಣ ಇದ್ದರೆ ಹೊಳಪು ತಾನಾಗಿ ಇಳಿಯುತ್ತದೆ. ಪಟಿಕ ಹಾಕಿ ಫ್ಲೋರೈಡ್ ತೆಗೆದ ನೀರಿನಲ್ಲಿ ಉಳಿದ ಅಲ್ಯೂಮಿನಿಯಂ ಹೊಳಪನ್ನು ಏರಿಸಿ, ಇರುವ ಫ್ಲೋರೈಡನ್ನು ಮುಚ್ಚಿಡುತ್ತದೆ. ಹೊಳಪು ಇಳಿಯುವ ಸೆನ್ಸರ್ ಯಾವಾಗಲೂ ಅನುಮಾನದ್ದು, ಯಾಕೆಂದರೆ ಹೊಳಪು ಇಳಿಯಲು ನೂರು ಕಾರಣ.

ಪಿಎಚ್ 5ರ ಹತ್ತಿರ ಅಸಿಟೇಟ್ ಬಫರ್, ಅಂದರೆ ಪಿಎಚ್ ಕದಲದಂತೆ ಹಿಡಿದಿಡುವ ದ್ರಾವಣ ಬೇಕು. ಎಷ್ಟು ಬೇಕು ಅಂತ ಲೆಕ್ಕ ಹಾಕಿ. ಲೀಟರಿಗೆ 1 ಮಿ.ಗ್ರಾಂ ಫ್ಲೋರೈಡ್ ಅಂದರೆ ಸುಮಾರು 53 ಮೈಕ್ರೋಮೋಲ್. ನೀರಿನ ಕ್ಷಾರೀಯತೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 400 ಮಿ.ಗ್ರಾಂ ಇದ್ದರೆ ಬೈಕಾರ್ಬೊನೇಟ್ 8 ಮಿಲಿಮೋಲ್, ಅಂದರೆ ಫ್ಲೋರೈಡಿನ ನೂರೈವತ್ತು ಪಟ್ಟು. ತೆಳು ಬಫರನ್ನು ಅದು ನುಂಗಿ ಹಾಕುತ್ತದೆ. ನೀರಿಗೆ ಬೆರೆಸಿದ ಮೇಲೂ ಬಫರ್ 0.1 ಮೋಲಾರ್ ಇರಲಿ. ಬೆರೆಸಿದ ಮೇಲೆ ಪಿಎಚ್ ನೋಡುವುದನ್ನು ಬಿಡಬೇಡಿ.

ವಿದ್ಯಾನಗರ_ಹುಬ್ಬಳ್ಳಿ

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಾಗಾದರೆ ಅಳೆಯುವ ಡಬ್ಬಿ ನಾನು ಮಾಡಿಕೊಡುತ್ತೇನೆ. ಒಂದೇ ಪದರ ಬಣ್ಣ ಅಂದರೆ ಎಷ್ಟು ಬೆಳಕು ಬರುತ್ತದೆ?

ಸಾಧನಕೇರಿ

ತುಂಬಾ ಕಡಿಮೆ. ಸ್ಲೈಡ್ 75 ಮಿ.ಮೀ. ಉದ್ದ, 25 ಮಿ.ಮೀ. ಅಗಲ. ಒಂದು ಚದರ ನ್ಯಾನೋಮೀಟರಿಗೆ ಎರಡು ಅಮೈನ್ ಅಂತ ಹಿಡಿದರೂ ಒಂದು ಬದಿಯಲ್ಲಿ ಸುಮಾರು 6 ನ್ಯಾನೋಮೋಲ್ ಅಷ್ಟೇ. ಎಲ್ಲಕ್ಕೂ ಬಣ್ಣ ಕೂಡುವುದಿಲ್ಲ. ಕೂಡಿದರೂ ಒತ್ತೊತ್ತಾಗಿ ನಿಂತ ಬಣ್ಣದ ಅಣುಗಳು ಒಂದರ ಹೊಳಪನ್ನು ಇನ್ನೊಂದು ಕೆಡಿಸುತ್ತವೆ.

ವಿದ್ಯಾನಗರ_ಹುಬ್ಬಳ್ಳಿ

ಹಾಗಿದ್ದರೆ ಬೆಳಕು ಬಿಗಿಯಾಗಿ ಕಟ್ಟಿದ ಕಪ್ಪು ಡಬ್ಬಿ ಬೇಕು. ಮೋರಿನ್‌ಗೆ 405 ನ್ಯಾನೋಮೀಟರ್ ಎಲ್‌ಇಡಿ ಸಾಕಾಗುತ್ತದೆ, ಮೊಬೈಲ್ ಕ್ಯಾಮೆರಾ ಮುಂದೆ ಹಳದಿ ಫಿಲ್ಟರ್. ಎಲ್‌ಇಡಿಯನ್ನು ಸ್ಲೈಡಿಗೆ ಓರೆಯಾಗಿ ಕೂರಿಸಿದರೆ ಅದರ ಬೆಳಕು ನೇರ ಕ್ಯಾಮೆರಾಗೆ ಬರುವುದಿಲ್ಲ. ಡಬ್ಬಿಯೊಳಗೆ ಬಿಳಿ ಕಾಗದ ಅಂಟಿಸಬೇಡಿ, ಅದೂ ಹೊಳೆಯುತ್ತದೆ.

ಮೊಬೈಲಿನ ಆಟೋ ಸೆಟ್ಟಿಂಗ್ ದೊಡ್ಡ ಶತ್ರು. ಹೊಳಪು ಕಡಿಮೆಯಾದರೆ ಕ್ಯಾಮೆರಾ ತಾನೇ ಎಕ್ಸ್‌ಪೋಶರ್ ಏರಿಸಿ ಎಲ್ಲಾ ಸರಿ ಇದ್ದ ಹಾಗೆ ತೋರಿಸುತ್ತದೆ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿ, ಸಾಧ್ಯವಾದರೆ ರಾ ಫೋಟೋ ತೆಗೆಯಿರಿ. ಇನ್ನೊಂದು ಉಪಾಯ, ಗೊತ್ತಿರುವ ದ್ರಾವಣಗಳನ್ನೂ ಅದೇ ಸ್ಲೈಡ್ ಮೇಲೆ ಇಡಿ. 0, 0.5, 1, 1.5, 2 ಮಿ.ಗ್ರಾಂ ಹನಿಗಳು, ಪಕ್ಕದಲ್ಲಿ ಊರಿನ ನೀರಿನ ಹನಿ, ಎಲ್ಲಾ ಒಂದೇ ಫೋಟೋದಲ್ಲಿ. ಆಗ ಕ್ಯಾಮೆರಾ, ಎಲ್‌ಇಡಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಹೋಲಿಕೆ ಕೆಡುವುದಿಲ್ಲ. ಎಲ್‌ಇಡಿಯನ್ನು ಫೋಟೋ ತೆಗೆಯುವಾಗ ಮಾತ್ರ ಹಚ್ಚಿ, ಇಲ್ಲದಿದ್ದರೆ ಬಣ್ಣ ಬೆಳಕಿಗೇ ಸುಟ್ಟು ಹೋಗುತ್ತದೆ. ಕಣ್ಣಿಗೆ ಕನ್ನಡಕ ಮರೆಯಬೇಡಿ.

ಗದಗ_ಮೇಷ್ಟ್ರು

ನಿಮಗೆಲ್ಲಾ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ. ಪ್ರಾಜೆಕ್ಟಿನ ರೂಪ ಬದಲಿಸುತ್ತೇನೆ. ಫ್ಲೋರೈಡ್ ಅಳೆಯುವುದು ಎರಡನೇ ಭಾಗ. ಮೊದಲ ಭಾಗದಲ್ಲಿ ಮಕ್ಕಳು ಒಂದು ಗುಂಪು ಎಫ್‌ಐಟಿಸಿ ಸ್ಲೈಡ್, ಇನ್ನೊಂದು ಗುಂಪು ಮೋರಿನ್ ಸ್ಲೈಡ್ ಮಾಡಲಿ. ಮೋರಿನ್ ಬಣ್ಣವೇ ಇಲ್ಲದ, ಬರೀ ಅಮೈನ್ ಪದರದ ಸ್ಲೈಡ್ ಕೂಡ ಜೊತೆಗಿರಲಿ. ಪಿಎಚ್, ಕಬ್ಬಿಣ, ಫಾಸ್ಫೇಟ್, ಬೈಕಾರ್ಬೊನೇಟ್ ಒಂದೊಂದಕ್ಕೂ ಯಾವ ಸ್ಲೈಡ್ ಹೇಗೆ ನಡೆದುಕೊಳ್ಳುತ್ತದೆ ಎಂದು ಬರೆದಿಡಲಿ. ಅಷ್ಟಾದ ಮೇಲೆ ಊರುಗಳ ನೀರು. ಅದೇ ನೀರನ್ನು ಎಲೆಕ್ಟ್ರೋಡ್‌ನಲ್ಲೂ ಅಳೆಸಬೇಕು, ಎಲ್ಲಿ ಆಗುತ್ತದೆ?

ಸಾಧನಕೇರಿ

ಕರ್ನಾಟಕ ವಿಶ್ವವಿದ್ಯಾಲಯದ ರಸಾಯನ ಮತ್ತು ಭೌತ ವಿಭಾಗ ಎರಡರಲ್ಲೂ ಫ್ಲೋರೆಸೆನ್ಸ್ ಮೇಲೆ ಕೆಲಸ ಮಾಡುವವರಿದ್ದಾರೆ. ಕಾಲೇಜಿನಿಂದ ಒಂದು ಪತ್ರ ತೆಗೆದುಕೊಂಡು ಬನ್ನಿ, ಒಟ್ಟಿಗೆ ಹೋಗಿ ಕೇಳೋಣ. ಎಲೆಕ್ಟ್ರೋಡ್ ನಮ್ಮ ಲ್ಯಾಬಿನಲ್ಲಿದೆ. ಸೋಡಿಯಂ ಫ್ಲೋರೈಡ್ ದ್ರಾವಣ ಮೊದಲೇ ಮಾಡಿಟ್ಟುಕೊಳ್ಳಿ, 0.221 ಗ್ರಾಂ ಒಂದು ಲೀಟರಿಗೆ ಹಾಕಿದರೆ 100 ಮಿ.ಗ್ರಾಂ ಫ್ಲೋರೈಡ್. ಅದನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿಡಿ, ಗಾಜಿನದರಲ್ಲಿ ಬೇಡ. ವಿಷ ಅಂತ ದೊಡ್ಡದಾಗಿ ಬರೆಯಿರಿ.

ಮುಂಡರಗಿ_ರೈತ

ಮೇಷ್ಟ್ರೇ, ನಮ್ಮ ಬೋರ್ ನೀರು, ಊರಿನ ಶುದ್ಧ ನೀರಿನ ಘಟಕದ ನೀರು, ಹೊಳೆ ನೀರು ಮೂರನ್ನೂ ತಂದುಕೊಡುತ್ತೇನೆ. ಸೋಮವಾರ ಗದಗಿಗೆ ಬರುವುದಿದೆ. ಯಾವುದರಲ್ಲಿ ತುಂಬಿಸಲಿ?

ಗದಗ_ಮೇಷ್ಟ್ರು

ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಸೋಪು ಹಾಕಬೇಡಿ. ಬೋರ್ ಐದು ನಿಮಿಷ ಓಡಿದ ಮೇಲೆ, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಜಾಲಿಸಿ, ಬಾಯಿತನಕ ತುಂಬಿ ಮುಚ್ಚಿ. ಯಾವ ನೀರು, ಯಾವ ದಿನ ಅಂತ ಬಾಟಲಿ ಮೇಲೆ ಬರೆಯಿರಿ. ಒಂದೊಂದು ನೀರಿಗೂ ಎರಡು ಬಾಟಲಿ ತನ್ನಿ, ಒಂದು ನಮ್ಮ ಮಕ್ಕಳಿಗೆ, ಒಂದು ಜಿಲ್ಲಾ ಪ್ರಯೋಗಾಲಯಕ್ಕೆ. ಅಲ್ಲಿಗೆ ನಾನೇ ತಲುಪಿಸುತ್ತೇನೆ.